ಲೆಕ್ಕ ಹೇಳದೆ ಕೊಟ್ಟ ಆಯಸ್ಸು

ಮಲಯ್ ನಾಡಿನ ತೈಪಿಂಗ್ ಊರಿನ ಹಳೇ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಗೈಕ್ ಸಿಮ್ ಎಂದರೆ ಯಾರಿಗೂ ಸಟ್ಟನೆ ಹೊಳೆಯುವುದಿಲ್ಲ. ಆಮೆ ಕಡುಬಿನ ಸಿಮ್ ಎಂದರೆ ಮಾತ್ರ, ಓ ಅವಳಾ, ತಾಯಿಯನ್ನು ಕಟ್ಟಿಕೊಂಡು ಕೂತವಳು, ಎಂದು ಕೈ ತೋರಿಸಿ ಮನೆ ಹೇಳುತ್ತಾರೆ. ಅಂಟಕ್ಕಿ ಹಿಟ್ಟಿಗೆ ಕೆಂಪು ಬಣ್ಣ ಕಲಸಿ, ಒಳಗೆ ಹೆಸರುಬೇಳೆ ಹೂರಣ ತುಂಬಿ, ಆಮೆ ಬೆನ್ನಿನ ಅಚ್ಚಿಗೆ ಒತ್ತಿ, ಬಾಳೆಎಲೆಯ ಮೇಲೆ ಹಬೆಯಲ್ಲಿ ಬೇಯಿಸುವ ಕಡುಬು. ಮಗುವಿಗೆ ತಿಂಗಳು ತುಂಬಿದರೆ ಅದು ಬೇಕು, ಮುದುಕರ ಹುಟ್ಟುಹಬ್ಬಕ್ಕೆ ಬೇಕು, ದೇವರ ಮುಂದಿಡಲು ಬೇಕು. ಆಮೆ ನೂರಾರು ವರ್ಷ ಬದುಕುತ್ತದಲ್ಲ, ತಿಂದವರೂ ಹಾಗೇ ಬದುಕಲಿ ಅಂತ. ಎಳೇ ವಯಸ್ಸಿನಿಂದ ಊರಿಗೆಲ್ಲ ದೀರ್ಘಾಯಸ್ಸನ್ನು ಅಚ್ಚೊತ್ತಿ ಕೊಟ್ಟವಳು ಅವಳು. ಅವಳ ಸ್ವಂತ ಆಯಸ್ಸಿನ ಕತೆ ನೆನೆದರೆ ಕರುಳು ಕಿತ್ತು ಬರುತ್ತದೆ.

ಅವಳಿಗೀಗ ಅರವತ್ತಮೂರು. ಗಿಡ್ಡ ಆಳು, ಹಿಟ್ಟು ನಾದಿ ನಾದಿ ತೋಳು ಒನಕೆಯಂತಾಗಿದೆ, ನಾಲಿಗೆ ಅದಕ್ಕಿಂತ ಗಟ್ಟಿ. ಕಡುಬು ಚಿಕ್ಕದಾಯಿತು ಎಂದು ಯಾರಾದರೂ ಗೊಣಗಿದರೆ, ನಿನ್ನ ಅತ್ತೆ ಅಷ್ಟು ದೊಡ್ಡ ಆಯಸ್ಸು ಬದುಕೋದು ನಿನಗೆ ಬೇಕಾ ಎಂದು ಬಾಯಿ ಮುಚ್ಚಿಸುತ್ತಾಳೆ. ಮದುವೆಯಾಗಲಿಲ್ಲ. ಇಪೋದಿಂದ ಒಬ್ಬ ಬಸ್ ಕಂಡಕ್ಟರ್ ನೋಡಲು ಬಂದಿದ್ದ, ಅಮ್ಮನೂ ಜೊತೆಗೆ ಬರುತ್ತಾಳೆ ಎಂದು ಇವಳು ಹೇಳಿದ್ದೇ ತಡ, ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಹೊರಟುಹೋದ. ಅಣ್ಣನೊಬ್ಬನಿದ್ದ, ಸಿಂಗಪುರಕ್ಕೆ ದುಡಿಯಲು ಹೋಗಿ ಅಲ್ಲೇ ಎದೆ ಹಿಡಿದುಕೊಂಡು ಸತ್ತ. ಅವನ ಹೆಂಡತಿ ಮಕ್ಕಳು ಹೊಸವರ್ಷಕ್ಕೊಂದು ಪೆಟ್ಟಿಗೆ ಕಿತ್ತಳೆ ಕಳಿಸಿ ಸಂಬಂಧ ಉಳಿಸಿಕೊಂಡಿದ್ದಾರೆ.

ಉಳಿದದ್ದು ಅಮ್ಮ, ಸಾ ಖೆಂಗ್. ತೊಂಬತ್ತೆರಡು ದಾಟಿದ ಜೀವ. ಬುದ್ಧಿ ಬಂದು ಬಂದು ಹೋಗುತ್ತದೆ. ಒಂದು ಗಳಿಗೆ ಮಗಳನ್ನು ಹೆಸರು ಹಿಡಿದು ಬೈಯುತ್ತಾಳೆ, ಮರುಗಳಿಗೆ ನೀನು ಯಾರಮ್ಮ ಎನ್ನುತ್ತಾಳೆ. ಆದರೆ ಹೊಟ್ಟೆ ಮಾತ್ರ ಹದಿನಾರರ ಹುಡುಗನದು. ಗಂಜಿ, ಉಪ್ಪುಮೊಟ್ಟೆ, ಕರಿದ ಒಣಮೀನಿನ ಪುಡಿ, ಎಷ್ಟು ಹಾಕಿದರೂ ಒಳಕ್ಕೆ ಹೋಗುತ್ತದೆ. ಒಂದೇ ಷರತ್ತು. ತಿನ್ನಿಸುವ ಕೈ ಸಿಮ್ಮಳದಾಗಿರಬೇಕು. ಬೇರೆ ಯಾರೇ ಚಮಚ ಹಿಡಿದರೂ ಆ ಬಾಯಿ ತೆರೆಯುವುದಿಲ್ಲ.

ಇದು ಎಷ್ಟು ನಿಜ ಅನ್ನುವುದು ಹೋದ ವರ್ಷ ಗೊತ್ತಾಯಿತು. ಸಿಮ್ಮಳಿಗೆ ಅಪೆಂಡಿಕ್ಸು ಊದಿಕೊಂಡು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಪಕ್ಕದ ಮನೆಯ ಬ್ವೀ ಲಾನ್, ಕೂದಲು ಕತ್ತರಿಸುವ ಅಂಗಡಿಯವಳು, ಮುದುಕಿಯನ್ನು ತಾನು ನೋಡಿಕೊಳ್ಳುತ್ತೇನೆಂದು ಎದೆ ತಟ್ಟಿಕೊಂಡಳು. ಗಂಜಿ ಮಾಡಿದಳು, ಹಾಡು ಹೇಳಿದಳು, ಸಿಮ್ಮಳ ಅಂಗಿಯನ್ನೇ ತೊಟ್ಟು ಕೂತಳು, ಕಡೆಗೆ ಮೂಗು ಹಿಡಿದೂ ನೋಡಿದಳು. ಮುದುಕಿ ಹಲ್ಲಿಲ್ಲದ ವಸಡನ್ನು ಬಿಗಿದು ಗೋಡೆ ನೋಡುತ್ತ ಕೂತುಬಿಟ್ಟಳು. ಹೊಲಿಗೆ ಹಸಿಯಿರುವಾಗಲೇ ಸಿಮ್ ಸಹಿ ಹಾಕಿಕೊಟ್ಟು ಮನೆಗೆ ಓಡಿಬಂದಾಗ, ಅಮ್ಮ ತಲೆಯೆತ್ತಲಾರದೆ ಬಿದ್ದಿದ್ದಳು. ಇವಳ ಕೈ ಸೋಕಿದ್ದೇ ಬಾಯಿ ತಾನಾಗಿ ತೆರೆದುಕೊಂಡಿತು.

ಅವತ್ತಿನಿಂದ ಸಿಮ್ಮಳ ಎದೆಗೆ ಒಂದು ಕಲ್ಲು ಬಿತ್ತು. ನಾನು ಮೊದಲು ಹೋದರೆ ಇವಳು ಹಸಿದು ಸಾಯುತ್ತಾಳೆ. ಹಸಿದು ಸತ್ತವರ ಗತಿ ಏನು ಅಂತ ನಮ್ಮ ಕಡೆ ಮಗುವಿಗೂ ಗೊತ್ತು. ನಮ್ಮ ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಬೀದಿಬೀದಿಯ ಬಾಗಿಲಲ್ಲಿ ಅನ್ನಕ್ಕಾಗಿ ಅಲೆಯುವ ಪ್ರೇತಗಳಿಗೆ ಅವಳೇ ಕಡುಬು ಇಟ್ಟವಳಲ್ಲವೇ. ಕಮುಂಟಿಂಗ್ ರಸ್ತೆಯಲ್ಲಿ ಮುದುಕರನ್ನಿಡುವ ಮನೆಯೊಂದಿದೆ, ಅಲ್ಲಿಗೂ ಹೋಗಿ ನೋಡಿ ಬಂದಳು. ಅಲ್ಲಿನ ಹೆಂಗಸು ಒಳ್ಳೆಯವಳೇ. ಬಾಯಿ ತೆರೆಯದಿದ್ದರೆ ಮೂಗಿಗೆ ನಳಿಗೆ ಹಾಕುತ್ತೇವೆ, ಯೋಚನೆ ಮಾಡಬೇಡಿ ಎಂದಳು. ಸಿಮ್ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟಳು.

ಈ ಭಯ ಯಾವ ಮಗಳಿಗಾದರೂ ಬರುವಂಥದ್ದೇ. ಆದರೆ ಸಿಮ್ಮಳ ಭಯದ ಬುಡದಲ್ಲಿ ಇನ್ನೊಂದಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಫಲ ಕೆಡುತ್ತದೆ ಎಂಬ ನಂಬಿಕೆಯಿಂದ.

ಅವಳಿಗೆ ಮೂವತ್ತು ದಾಟಿದ ಕಾಲ. ಅಮ್ಮನಿಗೆ ಪುಪ್ಪುಸದಲ್ಲಿ ನೀರು ತುಂಬಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಬಿಟ್ಟಿದ್ದರು. ಸಿಮ್ ಬರಿಗಾಲಲ್ಲಿ ಬೀದಿ ತುದಿಯ ದೊಡ್ಡಜ್ಜ ದೇವರ ಗುಡಿಗೆ ಓಡಿದಳು. ಹೆತ್ತವರು ಸಾಯಲು ಬಿದ್ದಾಗ ಮಕ್ಕಳು ತಮ್ಮ ಆಯಸ್ಸಿನಲ್ಲಿ ಒಂದು ಪಾಲನ್ನು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದಕ್ಕೊಂದು ಕ್ರಮವಿದೆ. ಹೆಸರು ಹೇಳಬೇಕು, ಹುಟ್ಟಿದ ಗಳಿಗೆ ಹೇಳಬೇಕು, ಎಷ್ಟು ವರ್ಷ ಎಂದು ಹೇಳಬೇಕು. ಜಾಣರು ಮೂರು ಅನ್ನುತ್ತಾರೆ, ಉದಾರಿಗಳು ಹನ್ನೆರಡು ಅನ್ನುತ್ತಾರೆ. ಸಿಮ್ ಹಣೆ ನೆಲಕ್ಕೆ ಕುಟ್ಟಿಕೊಂಡು, ನನ್ನದರಲ್ಲಿ ಎಷ್ಟು ಬೇಕೋ ಅಷ್ಟು ತಗೋ, ಅಮ್ಮನನ್ನು ಬಿಡು ಎಂದುಬಿಟ್ಟಳು. ಧೂಪದ ಬೂದಿ ಗುಡಿಸುತ್ತಿದ್ದ, ಗುಡಿ ನೋಡಿಕೊಳ್ಳುವ ಕೆಂಗ್ ಹೋ ಅದನ್ನು ಕೇಳಿಸಿಕೊಂಡು ಹಣೆ ಬಡಿದುಕೊಂಡ.

"ಲೆಕ್ಕಾನೇ ಹೇಳ್ಲಿಲ್ವಲ್ಲೇ ಹುಡುಗಿ. ದೇವರ ಕೈಗೆ ಖಾಲಿ ಚೆಕ್ಕು ಕೊಟ್ಟಂಗಾಯ್ತು."

ಅಮ್ಮ ಎದ್ದು ಕೂತು ಗಂಜಿ ಕೇಳಿದಳು. ಆ ಸಂತೋಷದಲ್ಲಿ ಚೆಕ್ಕಿನ ಮಾತು ಯಾರಿಗೆ ಬೇಕಿತ್ತು? ವರ್ಷಗಳು ಉರುಳಿದವು. ಅಮ್ಮನಿಗೆ ಎಪ್ಪತ್ತಾಯಿತು, ಎಂಬತ್ತಾಯಿತು, ಜೊತೆಯವರೆಲ್ಲ ಮಣ್ಣು ಸೇರಿದರು, ಅಮ್ಮ ತೊಂಬತ್ತರ ಹೊಸ್ತಿಲನ್ನೂ ದಾಟಿದಳು. ಬೀದಿಯವರು ಭಾಗ್ಯ ಅಂದರು, ಇವಳೂ ಹೌದೆಂದಳು. ಆಸ್ಪತ್ರೆಯ ಮಂಚದ ಮೇಲೆ ಹೊಟ್ಟೆಯ ಹೊಲಿಗೆ ಎಳೆಯುತ್ತಿರುವಾಗ ಮಾತ್ರ ಮೊದಲ ಸಲ ಹೊಳೆಯಿತು: ಅಮ್ಮ ಉಣ್ಣುತ್ತಿರುವ ಒಂದೊಂದು ವರ್ಷವೂ ನನ್ನ ಮಡಕೆಯದು. ತಳದಲ್ಲಿ ಎಷ್ಟು ಉಳಿದಿದೆಯೋ ಗೊತ್ತಿಲ್ಲ. ನನ್ನ ಪಾಲು ಮುಗಿದರೆ ಅವಳ ಪಾಲು ನಿಲ್ಲುತ್ತದೆಯೋ, ಅವಳಿಗೆ ಕೊಟ್ಟದ್ದು ಇನ್ನೂ ಬಾಕಿಯಿದ್ದು ನಾನು ಮೊದಲು ಹೋಗುತ್ತೇನೋ, ಅದೂ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಬ್ವೀ ಲಾನಳಿಗೆ ಹೊಸ ವ್ಯಾಪಾರದ ಹುಚ್ಚು ಹತ್ತಿತು. ಮುಪ್ಪು ತಡೆಯುವ ಮಾತ್ರೆಗಳು. ಮೊದಲು ಒಬ್ಬ ಕಂಪನಿಯವನನ್ನು ಕರೆಸಿ, ಅಂಗಡಿಯ ಕುರ್ಚಿಗಳನ್ನು ಸಾಲಾಗಿ ಹಾಕಿ, ಬೀದಿಯವರನ್ನೆಲ್ಲ ಕೂರಿಸಿದಳು. ಅವನು ಟೈ ಕಟ್ಟಿದ್ದ, ಕೂದಲಿಗೆ ಬ್ವೀ ಲಾನಳೇ ಬಳಿದ ಕಪ್ಪು ಇನ್ನೂ ಕಿವಿಯ ಹಿಂದೆ ಇಳಿಯುತ್ತಿತ್ತು. ಎರಡು ಇಲಿಗಳ ಚಿತ್ರ ತೋರಿಸಿದ. ಒಂದು ಮುದಿ, ಮೈ ಬೋಳು. ಇನ್ನೊಂದೂ ಅದೇ ವಯಸ್ಸಿನದು, ಮಾತ್ರೆ ತಿಂದು ಮಿರಮಿರ ಮಿಂಚುತ್ತಿತ್ತು. ಆಮೇಲೆ, ನೀವೆಲ್ಲ ಎಷ್ಟು ವರ್ಷ ಬದುಕಬೇಕು ಅಂತಿದ್ದೀರಿ, ನಾಚಿಕೆಯಿಲ್ಲದೆ ಹೇಳಿ ಎಂದ. ನಿವೃತ್ತ ಹೆಡ್ಮಾಸ್ತರರು ನೂರಿಪ್ಪತ್ತು ಎಂದರು, ಅವರ ಹೆಂಡತಿ ಹಾಗಾದರೆ ನನಗೆ ಎಂಬತ್ತು ಸಾಕು ಎಂದಳು. ಹಂದಿಮಾಂಸದ ಅಂಗಡಿಯವಳು ಅತ್ತೆಯ ಚಿನ್ನದ ಬಳೆ ತನ್ನ ಕೈಗೆ ಬಂದ ಮೇಲೆ ಹತ್ತು ವರ್ಷ ಎಂದಳು. ನಗುವೋ ನಗು. ಸರದಿ ಸಿಮ್ಮಳಿಗೆ ಬಂತು.

"ನಂಗೆ ಜಾಸ್ತಿ ಬೇಡಪ್ಪ," ಎಂದಳು ಅವಳು. "ನಮ್ಮಮ್ಮನ್ನ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಒಂದು ದಿನ ಮಲಗಿದ್ರೆ ಸಾಕು. ಮಾರನೇ ದಿನ ಬಾ ಅಂದ್ರೂ ಬರ್ತೀನಿ."

ನಗುತ್ತಿದ್ದವರು ಅರ್ಧಕ್ಕೇ ನಿಂತರು. ಕಂಪನಿಯವನು ಇಲಿಯ ಚಿತ್ರವನ್ನು ಮತ್ತೆ ಎತ್ತಿ ಹಿಡಿದ. ಆ ಇಲಿಗೆ ನೋಡಿಕೊಳ್ಳಲು ತಾಯಿ ಇತ್ತಾ ಎಂದು ಸಿಮ್ ಕೇಳಿದಳು. ಅದು ಪ್ರಯೋಗದಲ್ಲಿ ಬರಲಿಲ್ಲ ಆಂಟಿ ಎಂದ.

ಅವನ ಡಬ್ಬಿಗಳನ್ನು ಸಿಮ್ ಮುಟ್ಟಲಿಲ್ಲ. ಕಿತ್ತಳೆ ಸಿಪ್ಪೆಯ ಪುಡಿ ಅದು, ನಾನು ಹಿಟ್ಟು ನಾದುವವಳು, ಪುಡಿ ಕಂಡರೆ ಗೊತ್ತಾಗುತ್ತದೆ ಎಂದು ಬ್ವೀ ಲಾನಳನ್ನು ಛೇಡಿಸಿದಳು. ಆದರೆ ಆ ಇಲಿ ಅವಳ ತಲೆಯೊಳಗೆ ಹೊಕ್ಕು ಕೂತಿತ್ತು. ಅದು ತಿಂದದ್ದು ಏನು ಎಂದು ಒಂದು ಸಂಜೆ ಸುಮ್ಮನೆ ಎಂಬಂತೆ ಕೇಳಿದಳು. ಬ್ವೀ ಲಾನ್ ದನಿ ತಗ್ಗಿಸಿದಳು. ಅದು ಬೇರೆಯದೇ ಮಾತ್ರೆಯಂತೆ, ಕಿಡ್ನಿ ಬದಲಾಯಿಸಿದವರಿಗೆ ಕೊಡುವುದಂತೆ, ದೊಡ್ಡ ದೊಡ್ಡ ಶ್ರೀಮಂತರು ವಾರಕ್ಕೊಂದು ಗುಟ್ಟಾಗಿ ನುಂಗುತ್ತಾರಂತೆ. ಗಡಿಯಾಚೆ ಹಾಟ್ ಯಾಯ್‌ನಲ್ಲಿ ಅವಳ ನಾದಿನಿ ಇದ್ದಾಳೆ, ಅಲ್ಲಿ ಕೇಳಿದರೆ ಸಿಗುತ್ತದಂತೆ. ತರಿಸು ಎಂದಳು ಸಿಮ್. ಡಾಕ್ಟರನ್ನು ಕೇಳಬೇಕು ಕಣೆ ಎಂದು ಬ್ವೀ ಲಾನ್ ಹಿಂದೆಮುಂದೆ ನೋಡಿದಳು. ಇವಳು ಕಣ್ಣಲ್ಲಿ ನೀರು ತಂದುಕೊಂಡು ಕೈ ಹಿಡಿದಳು. ಜನ್ಮದಲ್ಲಿ ಯಾರ ಮುಂದೂ ಅಳದವಳು ಅತ್ತರೆ ಯಾರು ತಾನೇ ಇಲ್ಲವೆನ್ನುತ್ತಾರೆ?

ವಾರಕ್ಕೊಂದು ಎಂದು ಬ್ವೀ ಲಾನ್ ಹತ್ತು ಸಲ ಹೇಳಿ ಕೊಟ್ಟಿದ್ದಳು. ಸಿಮ್ ದಿನಕ್ಕೊಂದು ನುಂಗಿದಳು. ಹಸಿದವಳಿಗೆ ವಾರಕ್ಕೊಂದು ತುತ್ತು ಸಾಲುತ್ತದೆಯೇ? ಬೆಳಿಗ್ಗೆ ಹಬೆಪಾತ್ರೆ ಒಲೆಗಿಟ್ಟು, ಅಮ್ಮನ ಮುಖ ಒರೆಸಿ, ಅವಳಿಗೆ ಬೆನ್ನು ಮಾಡಿ ನುಂಗುತ್ತಿದ್ದಳು, ಕದ್ದು ಬೆಲ್ಲ ತಿನ್ನುವವಳ ಹಾಗೆ. ಸ್ವಲ್ಪ ದಿನಕ್ಕೆ ಬಾಯೊಳಗೆ ಹುಣ್ಣುಗಳೆದ್ದವು. ಮದ್ದು ಕೆಲಸ ಮಾಡುತ್ತಿದೆ, ಹಳೇ ಚರ್ಮ ಹೋಗಿ ಹೊಸದು ಬರುತ್ತಿದೆ ಎಂದು ತಾನೇ ಅರ್ಥ ಹಚ್ಚಿಕೊಂಡಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅದಕ್ಕೂ ಒಂದು ಅರ್ಥ ಸಿಕ್ಕಿತು. ಮುಳುಗುವವಳಿಗೆ ಹುಲ್ಲುಕಡ್ಡಿಯೂ ದೋಣಿಯೇ.

ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ ಬ್ವೀ ಲಾನ್ ಎಂದಿನಂತೆ ಮುದುಕಿಯ ಕೂದಲು ಕತ್ತರಿಸಲು ಬಂದಳು. ಹೆಗಲಿಗೆ ಬಟ್ಟೆ ಹೊದಿಸಿ, ಬಾಚಣಿಗೆಯಲ್ಲಿ ಹಿಂಗತ್ತಿನ ಕೂದಲೆತ್ತಿದವಳು ಕತ್ತರಿ ಕೆಳಗಿಟ್ಟಳು.

"ಏ ಸಿಮ್, ಬಾ ಇಲ್ಲಿ. ನಿಮ್ಮಮ್ಮಂಗೆ ಏನೇ ತಿನ್ನಿಸ್ತಿದ್ದೀಯ? ಇಲ್ಲಿ ನೋಡು, ಕರೀ ಕೂದ್ಲು ಬರ್ತಿದೆ."

ಬಂದು ನೋಡಿದಳು. ಬೆಳ್ಳನೆಯ ಬುಡದಲ್ಲಿ ಒಂದು ಚಿಟಿಕೆಯಷ್ಟು ಕಪ್ಪು, ಎಳೇ ಹುಡುಗಿಯ ಕೂದಲಿನ ಕಪ್ಪು. ಬ್ವೀ ಲಾನಳಿಗೆ ತಮಾಷೆ. ಮುದುಕಿಗೆ ವರ ಹುಡುಕಬೇಕು ಎಂದಳು. ಮುದುಕಿಯೂ ಏನು ಅರ್ಥವಾಯಿತೋ, ಕಿಸಕ್ಕನೆ ನಕ್ಕಳು. ಸಿಮ್ ಮಾತ್ರ ಒಲೆಯ ಕಟ್ಟೆಗೆ ಒರಗಿ ನಿಂತುಬಿಟ್ಟಳು. ಮುಪ್ಪಾದ ತಲೆಯಲ್ಲಿ ಒಮ್ಮೊಮ್ಮೆ ಕಪ್ಪು ಚಿಗುರುವುದು ಉಂಟು, ನಾವೆಲ್ಲ ನೋಡಿದ್ದೇವೆ. ಆದರೆ ಗುಡಿಯಲ್ಲಿ ಲೆಕ್ಕವಿಲ್ಲದೆ ಬರೆದುಕೊಟ್ಟವಳಿಗೆ ಅದು ಹಾಗೆ ಕಾಣಲಿಲ್ಲ. ಒಂದೇ ಹಣತೆಗೆ ಎರಡು ಬತ್ತಿ. ನಾನು ಎಷ್ಟು ಎಣ್ಣೆ ಸುರಿದರೂ ಅವಳ ಬತ್ತಿಯೇ ಹೀರುತ್ತಿದೆ. ನಾನು ನುಂಗಿದ್ದು ನೇರ ಅವಳಿಗೆ ಹೋಗುತ್ತಿದೆ. ಈ ಓಟದಲ್ಲಿ ನಾನು ಯಾವತ್ತೂ ಅವಳನ್ನು ಹಿಂದೆ ಹಾಕಲಾರೆ.

ಬೇರೆಯವರಾಗಿದ್ದರೆ ಅಲ್ಲಿಗೆ ಮಾತ್ರೆ ಬಿಡುತ್ತಿದ್ದರು. ಇವಳು ದಿನಕ್ಕೆ ಎರಡು ಮಾಡಿದಳು. ಒಂದು ಅಮ್ಮ ಹೀರಿದರೂ ಒಂದು ತನಗೆ ಉಳಿಯಲಿ ಅಂತ. ಹುಚ್ಚು ಅನ್ನಿ, ಅನ್ನಬಹುದು. ಆದರೆ ಅವಳ ಜಾಗದಲ್ಲಿ ಒಂದು ರಾತ್ರಿ ಮಲಗಿ ಎದ್ದು ಆಮೇಲೆ ಅನ್ನಿ.

ಅದೇ ವಾರ ಹಬೆಪಾತ್ರೆಯ ಮುಚ್ಚಳ ಜಾರಿ ಮುಂಗೈ ಸುಟ್ಟಿತು. ಕಡುಬು ಮಾಡುವವಳಿಗೆ ಸುಟ್ಟ ಗಾಯ ಹೊಸದೇನಲ್ಲ, ಸೋಯಾ ಸಾಸು ಸವರಿ ಕೆಲಸಕ್ಕೆ ತೊಡಗಿದಳು. ಈ ಗಾಯ ಮಾತ್ರ ಆರಲಿಲ್ಲ. ಅಂಚು ಕೆಂಪಾಯಿತು, ಕೀವಾಯಿತು, ಕೆಂಪುಗೆರೆಯೊಂದು ಮೊಣಕೈ ಕಡೆಗೆ ಹತ್ತತೊಡಗಿತು. ಜ್ವರದಲ್ಲಿ ಅಚ್ಚು ಕೈಜಾರಿ ಬೀಳತೊಡಗಿದ ಮೇಲೆ ಬ್ವೀ ಲಾನ್ ಅವಳನ್ನು ಸರ್ಕಾರಿ ಚಿಕಿತ್ಸಾಲಯಕ್ಕೆ ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಅತ್ತವಳು ಬ್ವೀ ಲಾನಳೇ.

ಅಲ್ಲಿನ ಡಾಕ್ಟರು ನೂರ್ ಸುಹೈಲಾ ಎಂಬ ಮಲಯ್ ಹುಡುಗಿ, ತಲೆವಸ್ತ್ರದ ಕೆಳಗೆ ದಣಿದ ಮುಖ. ಗಾಯ ನೋಡಿದಳು, ಬಾಯಿ ತೆರೆಸಿದಳು, ಏನು ನುಂಗುತ್ತಿದ್ದೀರಿ ಎಂದಳು. ಬ್ವೀ ಲಾನ್ ಚೀಲದಿಂದ ಸೀಸೆ ತೆಗೆದಿಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಓದಿದಳು. ಆಮೇಲೆ ಬಿಡಿಸಿ ಹೇಳಿದಳು. ಈ ಮಾತ್ರೆ ಮೈಯ ಕಾವಲುಗಾರನನ್ನು ಮಲಗಿಸುತ್ತದೆ, ಹೊರಗಿನ ಕಿಡ್ನಿಯನ್ನು ಮೈ ದಬ್ಬದಿರಲಿ ಅಂತ. ಇಲಿಗಳ ಮಾತು ತನಗೂ ಗೊತ್ತು, ಆದರೆ ಆ ಇಲಿಗಳು ಚೊಕ್ಕ ಗೂಡಿನಲ್ಲಿದ್ದವು, ಯಾವ ಇಲಿಯೂ ಹಬೆಪಾತ್ರೆಯ ಮುಂದೆ ನಿಲ್ಲುವುದಿಲ್ಲ. ನಿಮ್ಮ ತಾಯಿಯಂಥ ಹಣ್ಣುಮುದುಕರ ಹತ್ತಿರವಂತೂ ಈ ಸೀಸೆ ಸುಳಿಯಕೂಡದು, ಒಂದು ನೆಗಡಿ ಸಾಕು ಅವರಿಗೆ.

"ಯಾಕೆ ಆಂಟಿ, ಇಷ್ಟೊಂದು ಬದುಕೋ ಆಸೆನಾ?" ಎಂದು ಕಡೆಗೆ ಕೇಳಿದಳು. ಕೊಂಕಿನಿಂದ ಕೇಳಿದ್ದಲ್ಲ.

ಸಿಮ್ ಹೇಳಿದಳು, ಅಮ್ಮ ತನ್ನ ಕೈಯಲ್ಲಿ ಮಾತ್ರ ಉಣ್ಣುವುದನ್ನು. ಗುಡಿಯ ಮಾತು ಹೇಳಲಿಲ್ಲ. ಡಾಕ್ಟರು ಅವಳ ಗಾಯವಿಲ್ಲದ ಕೈ ಹಿಡಿದುಕೊಂಡಳು. "ಇನ್ನೊಂದು ತಿಂಗಳು ನುಂಗಿದ್ರೆ ನಿಮ್ಮಮ್ಮನೇ ನಿಮ್ಮನ್ನ ಕಳಿಸಿಕೊಡಬೇಕಾಗಿತ್ತು ಆಂಟಿ. ಬಿಟ್ಟುಬಿಡಿ ಇದನ್ನ." ಸೂಜಿ ಚುಚ್ಚಿ, ಗಾಯ ಕಟ್ಟಿ, ದಿನವೂ ಬರಬೇಕೆಂದು ಹೇಳಿ ಕಳಿಸಿದಳು. ಸೀಸೆಯನ್ನು ತಿಪ್ಪೆಗೆ ಹಾಕುತ್ತೇನೆಂದು ಸಿಮ್ ಜೇಬಿಗಿಳಿಸಿಕೊಂಡು ಬಂದಳು. ಹಾಕಲಿಲ್ಲ, ಅದು ಜೇಬಿನಲ್ಲೇ ಉಳಿಯಿತು.

ಗಾಯ ನಿಧಾನವಾಗಿ ಒಣಗತೊಡಗಿತು. ಆದರೆ ಹಿಡಿದುಕೊಂಡಿದ್ದ ಹುಲ್ಲುಕಡ್ಡಿಯೂ ಹೋಯಿತಲ್ಲ. ಈಗ ಉಳಿದದ್ದು ಒಂದೇ ದಾರಿ, ಚೆಕ್ಕು ಕೊಟ್ಟ ಕಡೆಗೇ ಹೋಗಿ ವಾಪಸು ಕೇಳುವುದು. ಹಲವು ದಿನ ಆ ಯೋಚನೆಯನ್ನು ಒಲೆಯ ಹಿಂದಕ್ಕೆ ದಬ್ಬಿದಳು. ದಬ್ಬಿದಷ್ಟೂ ಅದು ಮುಂದೆ ಬಂದು ಕೂರುತ್ತಿತ್ತು. ಒಂದು ದಿನ ಊಟದ ಹೊತ್ತು ಕಳೆದ ಮೇಲೆ ಅಮ್ಮನ ಬಳಿ ಬ್ವೀ ಲಾನಳನ್ನು ಕೂರಿಸಿ, ತಾನೇ ಮಾಡಿದ ಕೆಂಪು ಕಡುಬಿನ ತಟ್ಟೆ ಹಿಡಿದು ಗುಡಿಗೆ ಹೋದಳು.

ಕೆಂಗ್ ಹೋ ಇನ್ನೂ ಅಲ್ಲೇ ಇದ್ದ. ಬೆನ್ನು ಬಾಗಿತ್ತು, ಕಿವಿ ಮಂದವಾಗಿತ್ತು, ನೆನಪು ಮಾತ್ರ ಹರಿತ. ಏನು ಬೇಕೆಂದು ಅವಳು ಸುತ್ತಿಬಳಸಿ ಹೇಳುವುದನ್ನು ಕೇಳಿಸಿಕೊಂಡು ತಲೆಯಾಡಿಸಿದ. ಕೊಡುತ್ತಿರುವುದನ್ನು ನಿಲ್ಲಿಸು ಅಂತ ಕೇಳಬಹುದು, ಹಿಂದೆಯೂ ಕೇಳಿದವರಿದ್ದಾರೆ ಎಂದ.

"ಆದ್ರೆ ಸಿಮ್, ದೇವರ ಮುಂದೆ ನಯನಾಜೂಕು ನಡೆಯಲ್ಲ. ನಿಲ್ಲಿಸು ಅಂದ್ರೆ ಏನು ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳ್ತೀಯಾ?"

ಹೇಳ್ತೀನಿ ಎಂದಳು. ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ಅಂಗೈಯಲ್ಲಿ ಹಿಡಿದು ಮಂಡಿಯೂರಿದಳು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದಂತೆ. ಎರಡೂ ಮಗುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ, ನಿನ್ನ ಪ್ರಶ್ನೆಯೇ ಸರಿಯಿಲ್ಲ ಅಂತ. ದೇವರೇ, ನನಗೆ ಸ್ವಲ್ಪ ಶಕ್ತಿ ಉಳಿಸು ಎಂದು ಕೇಳಿ ಎಸೆದಳು. ದೇವರು ನಕ್ಕ. ನಾನು ಇಲ್ಲದಿದ್ದರೆ ಅಮ್ಮನಿಗೆ ಯಾರಿದ್ದಾರೆ, ನೀನೇ ನೋಡು ಎಂದು ಎಸೆದಳು. ಮತ್ತೂ ನಕ್ಕ. ಅವಳಿಗೆ ಸಿಟ್ಟು ನೆತ್ತಿಗೇರಿತು. ಜೀವಮಾನವಿಡೀ ನಿನಗೆ ಕಡುಬು ಇಟ್ಟದ್ದಕ್ಕೆ ನಗುತ್ತೀಯಾ ಅನ್ನಿಸಿತು. ತುಂಡುಗಳನ್ನು ಬಿಗಿಯಾಗಿ ಹಿಡಿದು, ಕೆಂಗ್ ಹೋನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ನಮ್ಮಮ್ಮಂಗೆ ಇನ್ನು ಕೊಡಬೇಡ. ಸಾಕು. ಅವಳನ್ನ ಕರ್ಕೊ. ನನಗಿಂತ ಮುಂಚೆ ಕರ್ಕೊ."

ಒಂದು ಮಗುಚಿ, ಒಂದು ಅಂಗಾತ. ಇನ್ನೊಮ್ಮೆ ಎಸೆಯಬೇಕು, ಎಸೆದಳು. ಅದೇ. ಮತ್ತೊಮ್ಮೆ. ಅದೇ. ಮೂರು ಸಲ ಹೂಂ ಅಂದ ಮೇಲೆ ದೇವರ ಮಾತು ಮುಗಿದಂತೆ. ಹೀಗೆ ಹೂಂ ಬಂದಾಗ ಬಾರಿಸುವ ಗಂಟೆಯನ್ನು ಕೆಂಗ್ ಹೋ ಬಾರಿಸಲಿಲ್ಲ, ಕಡುಬಿನ ತಟ್ಟೆಯನ್ನು ಸುಮ್ಮನೆ ಒಳಕ್ಕೆ ಸರಿಸಿದ. ಸಿಮ್ ಮರದ ತುಂಡುಗಳನ್ನು ಎತ್ತಿ ಪೀಠದ ಮೇಲಿಟ್ಟಳು. ಹೆತ್ತ ತಾಯಿಯ ಸಾವನ್ನು ಬಾಯಿಬಿಟ್ಟು ಕೇಳಿದ್ದೇನೆ. ಕೊಟ್ಟೂಬಿಟ್ಟಿದ್ದಾನೆ. ಅಂದು ಅವಳ ಜೀವ ಬೇಡಿದ ಅದೇ ಮಂಡಿ, ಅದೇ ಬಾಯಿ.

ಮನೆಗೆ ಬರುವಾಗ ಅವಳು ಓಡಿದಳು, ಅರವತ್ತಮೂರರ ಮುದುಕಿ, ಚರಂಡಿ ಕಟ್ಟೆಯ ಮೇಲೆ ಎಡವುತ್ತ. ಬಾಗಿಲಲ್ಲಿ ಶವ ಕಾಣುತ್ತದೆ ಎಂದೇ ಅವಳಿಗೆ ಖಾತ್ರಿಯಾಗಿತ್ತು. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಬ್ವೀ ಲಾನಳಿಗೆ ಬೈಯುತ್ತಿದ್ದಳು. ಬಂದೆಯಾ ತಾಯಿ, ನನ್ನ ಕೈಯಲ್ಲಿ ಒಂದು ಬಿಸ್ಕೀಟನ್ನೂ ಮುಟ್ಟಲಿಲ್ಲ ಎಂದು ಬ್ವೀ ಲಾನ್ ಎದ್ದು ಅಂಗಡಿಗೆ ಹೋದಳು.

ಸಿಮ್ ಒಲೆ ಹಚ್ಚಿದಳು. ಬೆಳಗಿನ ಗಂಜಿ ಬಿಸಿ ಮಾಡಿ ಬಟ್ಟಲಿಗೆ ಹಾಕಿದಳು. ಕೈ ತಾನಾಗಿ ಜೇಬಿಗೆ ಹೋಗಿ ಸೀಸೆ ಹೊರತೆಗೆಯಿತು. ದೇವರು ಇನ್ನು ಕೊಡುವುದಿಲ್ಲ, ನಾನೇ ಬೇಡ ಅಂದು ಬಂದಿದ್ದೇನೆ. ಇದಾದರೂ ಅವಳನ್ನು ನಾಕು ದಿನ ಉಳಿಸಲಿ. ಎರಡು ಮಾತ್ರೆಗಳನ್ನು ಚಮಚದ ಬೆನ್ನಿನಲ್ಲಿ ಪುಡಿ ಮಾಡಿ ಗಂಜಿಗೆ ಕಲಸಿದಳು, ಮೇಲೆ ಮೀನಿನ ಪುಡಿ ಉದುರಿಸಿದಳು. ಅಮ್ಮನ ಮುಂದೆ ಮಣೆ ಹಾಕಿಕೊಂಡು ಕೂತು ಚಮಚ ಎತ್ತಿದಳು. ಆ ಬಾಯಿ ಎಂದಿನಂತೆ ಮರಿಹಕ್ಕಿಯ ಬಾಯಿಯಾಗಿ ತೆರೆಯಿತು.

ಆಗ ಡಾಕ್ಟರ ಮಾತು ನೆನಪಾಯಿತು. ಒಂದು ನೆಗಡಿ ಸಾಕು ಅವರಿಗೆ. ಚಮಚ ಗಾಳಿಯಲ್ಲೇ ನಿಂತಿತು. ಇದನ್ನು ನಾನು ಅವಳು ಬದುಕಲಿ ಅಂತ ಕೊಡುತ್ತಿದ್ದೇನೋ, ಸಾಯಲಿ ಅಂತ ಕೊಡುತ್ತಿದ್ದೇನೋ? ಎಷ್ಟು ಹುಡುಕಿದರೂ ಅವಳಿಗೆ ತನ್ನೊಳಗೆ ಉತ್ತರ ಸಿಗಲಿಲ್ಲ. ಎರಡೂ ಬೇಕಾಗಿತ್ತು. ಅಮ್ಮ ಸಾಯಬಾರದಾಗಿತ್ತು, ಅಮ್ಮ ಇವತ್ತೇ ಸಾಯಬೇಕಾಗಿತ್ತು. ಎದ್ದು ಹೋಗಿ ಬಟ್ಟಲಿನ ಗಂಜಿಯನ್ನು ಹಿತ್ತಿಲ ಮೋರಿಗೆ ಸುರಿದಳು, ಸೀಸೆಯನ್ನೂ ಬಗ್ಗಿಸಿ ಖಾಲಿ ಮಾಡಿದಳು, ತಂಬಿಗೆ ತಂಬಿಗೆ ನೀರು ಹೊಯ್ದಳು. ಬಟ್ಟಲನ್ನು ಬೂದಿ ಹಾಕಿ ತಿಕ್ಕಿದಳು. ಮತ್ತೆ ಅಕ್ಕಿ ತೊಳೆದು ಒಲೆಗಿಟ್ಟು ಬಂದು, ಅಮ್ಮನ ಮಂಡಿಯ ಮೇಲೆ ತಲೆಯಿಟ್ಟು ಬಿಕ್ಕಿದಳು.

"ಅಮ್ಮಾ, ಇವತ್ತು ಗುಡಿಗೆ ಹೋಗಿ ನಿನ್ನ ಸಾವು ಕೇಳ್ಕೊಂಡು ಬಂದೆ ಕಣಮ್ಮ."

ಮುದುಕಿಯ ಕೈ ಅವಳ ತಲೆಯ ಮೇಲೆ ಬಂತು. "ಕೊಟ್ನಾ?"

"ಕೊಟ್ಟ. ಮೂರು ಸಲ ಕೊಟ್ಟ."

"ಹಾಗಾದ್ರೆ ಗಂಜಿ ಯಾಕೆ ಚೆಲ್ದೆ? ಹಸ್ಕೊಂಡು ಹೋಗ್ಲಾ?"

ಹೊಸ ಗಂಜಿ ಕುದಿಯುವ ತನಕ ಇಬ್ಬರೂ ಹಾಗೇ ಕೂತಿದ್ದರು. ಆಮೇಲೆ ಬಟ್ಟಲು ತುಂಬಿಸಿ, ಊದಿ ಊದಿ, ಒಂದೊಂದೇ ಚಮಚ ಬಾಯಿಗಿಟ್ಟಳು. ಪ್ರತಿ ತುತ್ತಿಗೂ ಇದೇ ಕಡೆಯದೋ ಎಂದುಕೊಂಡಳು. ಮುದುಕಿ ಗಬಗಬನೆ ಉಂಡಳು. ಬಟ್ಟಲು ತಳ ಕಾಣುವ ಹೊತ್ತಿಗೆ ಅವಳ ಕಣ್ಣು ಮಸುಕಾಗಿ, ಎದುರಿಗೆ ಕೂತವಳನ್ನು ಹೊಸಬಳಂತೆ ನೋಡತೊಡಗಿತು.

"ನೀನು ಯಾರಮ್ಮ? ತುಂಬ ಮುದುಕಿ ಆಗಿಬಿಟ್ಟಿದ್ದೀಯಲ್ಲ. ನಿಂಗೆ ಯಾರೂ ಇಲ್ವಾ?"

"ಇದ್ದಾಳೆ. ಅಮ್ಮ ಇದ್ದಾಳೆ," ಎಂದಳು ಸಿಮ್.

"ನಿಂಗೇ ಇಷ್ಟು ವಯಸ್ಸು, ಅವಳಿಗೆ ಎಷ್ಟಾಗಿರಬೇಡ," ಮುದುಕಿ ಲೊಚಗುಟ್ಟಿದಳು. "ಪಾಪ. ಸಾಕು ಅನ್ನಲ್ವಾ ಅವಳು?"

"ಅನ್ನಲ್ಲ. ಇನ್ನೊಂದು ಬಟ್ಲು ಹಾಕು ಅಂತಾಳೆ."

ಮುದುಕಿ ಖಾಲಿ ಬಟ್ಟಲಿನೊಳಗೆ ಇಣುಕಿದಳು. "ಹಾಕಮ್ಮ ಹಾಗಾದ್ರೆ. ಹಸಿವು ಅಂದವರಿಗೆ ಇಲ್ಲ ಅನ್ನೋಕಾಗುತ್ತಾ?"

ಸಿಮ್ ಎದ್ದು, ಕಟ್ಟು ಹಾಕಿದ ಕೈಯಿಂದ ಇನ್ನೊಂದು ಬಟ್ಟಲು ಬಡಿಸಿಕೊಂಡು ಬಂದಳು.